ಹಿಮ ಬೀಳುವ ಊರಿನಲ್ಲಿ ಕತ್ತಾಳೆ

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ರೈತರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿ ಹಬ್ಬದ ಸಭೆಯಲ್ಲಿ ನೀವೂ ನಾಲ್ಕು ಮಾತು ಆಡಬೇಕು ಎಂದು ಕಾರ್ಯದರ್ಶಿಗಳು ಹೇಳಿದಾಗ ನಾನು ಹಿಂದೆ ಮುಂದೆ ನೋಡಿದೆ. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು. ನನಗಿಂತ ಮೊದಲು ಮಾತಾಡಿದ ಡಾಕ್ಟರು ಕೆಚ್ಚಲು ಬಾವಿನ ಬಗ್ಗೆ ಚೆನ್ನಾಗಿ ತಿಳಿಸಿದ್ದಾರೆ. ಹಾಲಿನ ಗುಣಮಟ್ಟದ ಬಗ್ಗೆಯೂ ಬಲ್ಲವರು ಹೇಳಿದ್ದಾರೆ. ಅವರ ಮುಂದೆ ನಾನೇನು ಹೇಳಲಿ? ಕೊನೆಗೆ, "ನಾನು ಕತ್ತಾಳೆ ಬಗ್ಗೆ ಮಾತಾಡ್ತೀನಿ" ಅಂದೆ. ಕಾರ್ಯದರ್ಶಿಗಳು ನಕ್ಕುಬಿಟ್ಟರು. "ಕತ್ತಾಳೆ ಬಗ್ಗೆ ಮಾತಾಡೋಕೆ ಏನಿದೆ ಸ್ವಾಮಿ? ಬದುವಿನ ಮೇಲೆ ಬಿಸಾಕಿದ್ರೆ ತಾನೇ ಬೆಳ್ಕೊಳ್ಳುತ್ತೆ" ಅಂದರು.

ನಾನೂ ನಲವತ್ತು ವರ್ಷ ಹಾಗೇ ತಿಳಿದಿದ್ದವನು. ಅದು ಅಷ್ಟು ಸುಲಭವಲ್ಲ ಎಂದು ಗೊತ್ತಾದದ್ದು ಹಿಮ ಬೀಳುವ ಊರಿಗೆ ಹೋದ ಮೇಲೆ. ಅಲ್ಲಿ ತಿಳಿದುಕೊಂಡದ್ದರಿಂದ, ಈ ಸಂಘಕ್ಕೆ ನಾನು ಮಾಡಿದ ಒಂದು ತಪ್ಪೂ ನನ್ನ ಕಣ್ಣಿಗೆ ಬಿತ್ತು. ಎರಡನ್ನೂ ಈ ಶುಭ ಸಂದರ್ಭದಲ್ಲಿ ತಮ್ಮ ಮುಂದೆ ಇಡುತ್ತೇನೆ.

ನಮ್ಮ ಕತ್ತಾಳೆ

ನಮ್ಮ ಶಿರಾ ಸೀಮೆಯವರಿಗೆ ಕತ್ತಾಳೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ಹೊಲದ ಸುತ್ತ ಮುಳ್ಳುತಂತಿ ಎಲ್ಲಿತ್ತು? ಕತ್ತಾಳೆ ಸಾಲೇ ಬೇಲಿ. ಎಲೆ ಕೊಯ್ದು, ಕಟ್ಟು ಕಟ್ಟಿ, ಕುಂಟೆಯ ನೀರಿನಲ್ಲಿ ಕೊಳೆಹಾಕಿ, ಆಮೇಲೆ ಕಲ್ಲಿನ ಮೇಲೆ ಬಡಿದು ತೊಳೆದರೆ ನಾರು. ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ರಸ ಮೈಗೆ ತಾಗಿದರೆ ತುರಿಕೆ. ಆದರೂ ಎತ್ತಿನ ಹಗ್ಗ, ಕರುವಿನ ಕಣ್ಣಿ, ಬಾವಿ ಸೇದುವ ಹಗ್ಗ ಎಲ್ಲಾ ಅದರಿಂದಲೇ ಆಗಬೇಕಿತ್ತು. ನೈಲಾನ್ ಹಗ್ಗ ಬಂತು, ತಂತಿ ಬೇಲಿ ಬಂತು, ಜೆ.ಸಿ.ಬಿ. ಬಂತು. ಕತ್ತಾಳೆ ಹೋಯಿತು. ಈಗ ಅಲ್ಲೊಂದು ಇಲ್ಲೊಂದು ಸಾಲು ಉಳಿದಿದೆ.

ಇದು ನಮ್ಮದೇ ಗಿಡ ಎಂದು ನಾವು ತಿಳಿದಿದ್ದೇವೆ. ಇದರ ತವರು ದೂರದ ಮೆಕ್ಸಿಕೋ ದೇಶ ಮತ್ತು ಅದಕ್ಕೆ ಹೊಂದಿಕೊಂಡಿರುವ ಅಮೆರಿಕದ ಒಣ ಸೀಮೆ. ಶಾಸ್ತ್ರದಲ್ಲಿ ಇದಕ್ಕೆ ಅಗೇವ್ ಎಂದು ಹೆಸರು. ಲಿನೇಯಸ್ ಎಂಬ ವಿಜ್ಞಾನಿ 1753ರಲ್ಲಿ ಇಟ್ಟ ಹೆಸರು ಅದು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಘನತೆವೆತ್ತದ್ದು ಎಂದು ಅರ್ಥವಂತೆ. ನಾವು ಬದುವಿಗೆ ಬಿಸಾಕಿದ ಗಿಡಕ್ಕೆ ಅವರು ಅಂಥ ಹೆಸರಿಟ್ಟಿದ್ದಾರೆ! ಇದರಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಗಳಿವೆ. ಬೇಲಿಯಲ್ಲಿ ಆಳೆತ್ತರ ಬೆಳೆಯುವ ದೊಡ್ಡ ಕತ್ತಾಳೆ ಅಗೇವ್ ಅಮೆರಿಕಾನ. ನಾರಿಗೆ ಹೆಸರಾದದ್ದು ಅಗೇವ್ ಸಿಸಲಾನ. ಮೆಕ್ಸಿಕೋದವರು ನಮ್ಮ ತೆಂಗಿನ ಹಾಗೆ ಇದರಿಂದ ನಾರು, ಆಹಾರ, ಹೆಂಡ ಎಲ್ಲವನ್ನೂ ಮಾಡಿಕೊಂಡವರು.

ಬಿಸಿಲಿಗೆ ಇದು ಬಗ್ಗುವುದಿಲ್ಲ. ಬೇರೆ ಗಿಡಗಳು ಹಗಲು ಹೊತ್ತು ಎಲೆಯ ರಂಧ್ರ ತೆರೆದು ಗಾಳಿ ಎಳೆದುಕೊಂಡರೆ, ಇದು ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ಹಗಲು ಮುಚ್ಚಿಕೊಂಡು ಎಲೆಯ ನೀರು ಕಾಪಾಡಿಕೊಳ್ಳುತ್ತದೆ. ಹೀಗಾಗಿ ಬರಗಾಲದಲ್ಲೂ ಹಸಿರಾಗಿರುತ್ತದೆ. ಆದರೆ ಚಳಿಗೆ? ನಮ್ಮಲ್ಲಿ ಧನುರ್ಮಾಸದಲ್ಲಿ ಹದಿನಾಲ್ಕು ಹದಿನೈದು ಡಿಗ್ರಿಗೆ ಇಳಿದರೇ ನಾವು ಕಂಬಳಿ ಹೊದ್ದು ಬೆಂಕಿ ಕಾಯಿಸುವವರು. ಕತ್ತಾಳೆಗೆ ಚಳಿಯ ಪರೀಕ್ಷೆಯೇ ಇಲ್ಲಿ ಬಂದಿಲ್ಲ.

ಅಕ್ಕನ ಮಗ ನೆಟ್ಟ ಗಿಡ

ನನ್ನ ಅಕ್ಕನ ಮಗ ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ಎಂಬ ಊರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನು ನಮ್ಮ ಮನೆಯಲ್ಲೇ ಇದ್ದು ಹೈಸ್ಕೂಲು ಓದಿದ ಹುಡುಗ. ರಜದಲ್ಲಿ ಕತ್ತಾಳೆ ಸಾಲಿನ ನೆರಳಲ್ಲಿ ಕುರಿ ಕಾಯುತ್ತಿದ್ದ. ಅಲ್ಲಿ ಸ್ವಂತ ಮನೆ ಮಾಡಿದ ಮೇಲೆ, 2019ರಲ್ಲಿ, ಸಸ್ಯ ಮಾರುವ ಅಂಗಡಿಯಲ್ಲಿ ಕುಂಡದಲ್ಲಿದ್ದ ದೊಡ್ಡ ಕತ್ತಾಳೆ ಕಂಡನಂತೆ. ಕಂಡ ತಕ್ಷಣ ಊರು ನೆನಪಾಗಿ ಕೊಂಡು ತಂದು ಮನೆ ಮುಂದೆ ನೆಟ್ಟ. ಫೋಟೋ ಕಳಿಸಿದ. ನಾವೆಲ್ಲ ನೋಡಿ, "ದುಡ್ಡು ಕೊಟ್ಟು ಕತ್ತಾಳೆ ತಂದ ಮೊದಲನೇ ಮನುಷ್ಯ ನೀನೇ ಕಣಪ್ಪ" ಎಂದು ಹಾಸ್ಯ ಮಾಡಿದೆವು.

ಆ ಚಳಿಗಾಲದಲ್ಲೇ ಗಿಡ ಹೋಯಿತು. ಎಲೆಯೆಲ್ಲ ಬೇಯಿಸಿದ ಬದನೆಕಾಯಿ ಹಾಗೆ ಕಪ್ಪಾಗಿ ಜೋತುಬಿದ್ದವು. ಅವತ್ತು ಅವನು ಅಕ್ಕನಿಗೆ ಫೋನು ಮಾಡಿ, "ಅವ್ವಾ, ಇಲ್ಲಿ ಒಂದು ಕತ್ತಾಳೆನೂ ಉಳಿಸ್ಕೊಳ್ಳೋಕಾಗ್ಲಿಲ್ಲ ನಂಗೆ" ಅಂದನಂತೆ. ಕೇಳಿದವರಿಗೆ ಅದು ಗಿಡದ ಮಾತು. ಅಕ್ಕನಿಗೆ ಮಾತ್ರ ಎರಡು ದಿನ ಊಟ ಸೇರಲಿಲ್ಲ. ನಾನು ಸಮಾಧಾನ ಹೇಳಿದೆ: "ಹಿಮ ಬೀಳೋ ದೇಶದಲ್ಲಿ ಕತ್ತಾಳೆ ಬದುಕುತ್ತಾ ಅಕ್ಕ? ಅದು ಬಿಸಿಲು ನಾಡಿನ ಗಿಡ." ನಾನು ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು.

2023ರ ಜನವರಿಯಲ್ಲಿ ಸೊಸೆಯ ಬಾಣಂತನಕ್ಕೆ ಅಕ್ಕ ಹೋಗಬೇಕಾಯಿತು. ಒಬ್ಬಳೇ ವಿಮಾನದಲ್ಲಿ ಹೋಗಲಾರೆ ಅಂದಳು. ರಾಗಿ ಒಕ್ಕಣೆ ಮುಗಿದಿತ್ತು. ಹಸುಗಳನ್ನು ಮನೆಯವರ ಮತ್ತು ತಮ್ಮನ ವಶಕ್ಕೆ ಬಿಟ್ಟು ನಾನೂ ಹೊರಟೆ. ಏಪ್ರಿಲ್ ತನಕ ಅಲ್ಲಿದ್ದೆ.

ಡೆನ್ವರ್ ಇರುವುದು ಸಮುದ್ರ ಮಟ್ಟದಿಂದ 5,280 ಅಡಿ ಎತ್ತರದಲ್ಲಿ. ನಮ್ಮ ನಂದಿ ಬೆಟ್ಟದ ತುದಿಗಿಂತ ಎತ್ತರ. ಆದರೆ ಮಲೆನಾಡಲ್ಲ. ಮಳೆ, ಹಿಮ ಎಲ್ಲಾ ಸೇರಿಸಿ ಲೆಕ್ಕ ಹಾಕಿದರೂ ವರ್ಷಕ್ಕೆ ಹದಿನಾಲ್ಕು ಹದಿನೈದು ಅಂಗುಲ. ಅಂದರೆ ನಮ್ಮ ಬಯಲುಸೀಮೆಗಿಂತ ಒಣ ಊರು. ನಾವು ಹೋದ ಹೊಸದರಲ್ಲೇ ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಗೇಣುದ್ದ ಹಿಮ ಬಿದ್ದಿದೆ. ಅಕ್ಕ ಕಿಟಕಿ ಹತ್ತಿರ ನಿಂತು, "ಲೇ ತಮ್ಮ, ಯಾರೋ ಸುಣ್ಣ ಸುರುವಿದ ಹಂಗೈತೆ" ಅಂದಳು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕುಕ್ಕುವ ಬಿಸಿಲು.

ಆ ಬಿಸಿಲಿನಲ್ಲಿ ಪಕ್ಕದ ಮನೆಯ ಮುಂದೆ ಹಿಮ ಸ್ವಲ್ಪ ಸ್ವಲ್ಪವಾಗಿ ಕರಗಿತು. ಒಂದು ಕಲ್ಲುಗುಡ್ಡೆ ಕಾಣಿಸಿತು. ಅದರ ಮೇಲೆ ಹಿಮದ ಟೋಪಿ ಹಾಕಿಕೊಂಡು, ಎಲೆಕೋಸಿನ ಹಾಗೆ ದುಂಡಗೆ, ಬೂದು ನೀಲಿ ಬಣ್ಣದ ಗಿಡಗಳು ಕೂತಿವೆ. ಎಲೆ ತುದಿಯಲ್ಲಿ ಕರೀ ಮುಳ್ಳು. ನೋಡ್ತೀನಿ, ಕತ್ತಾಳೆ! ಹಿಮದಲ್ಲಿ, ಬಯಲಿನಲ್ಲಿ, ಜೀವಂತ ಕತ್ತಾಳೆ! ಸುಳ್ಳಲ್ಲ, ಚಪ್ಪಲಿ ಬದಲಾಯಿಸುವುದನ್ನೂ ಮರೆತು ಹಾಗೇ ಹೊರಗೆ ಓಡಿದೆ.

ಚಳಿ ಹೇಗೆ ಕೊಲ್ಲುತ್ತದೆ

ಆ ಮನೆಯವರು ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದ ಹಿರಿಯರು. ನಮ್ಮ ಹುಡುಗನಿಗೆ ಕತ್ತಾಳೆ ಪಾಠ ಹೇಳಿಕೊಟ್ಟ ಗುರು ಅವರೇ. ಅವರು ಹೇಳುತ್ತಿದ್ದರು, ಹುಡುಗ ಕನ್ನಡದಲ್ಲಿ ಹೇಳುತ್ತಿದ್ದ, ನಾನು ತಲೆಯಾಡಿಸುತ್ತಿದ್ದೆ. ಕೃಷಿಕರ ಮಾತು ಕೃಷಿಕರಿಗೆ ಬೇಗ ಅರ್ಥವಾಗುತ್ತದೆ.

ಗಾಜಿನ ಸೀಸೆಗೆ ಕಂಠಮಟ್ಟ ನೀರು ತುಂಬಿ ಫ್ರಿಜ್ಜಿನ ಮಂಜುಗಡ್ಡೆ ಖಾನೆಯಲ್ಲಿಟ್ಟರೆ ಏನಾಗುತ್ತದೆ? ನೀರು ಹೆಪ್ಪುಗಟ್ಟಿ ಉಬ್ಬಿ ಸೀಸೆ ಒಡೆಯುತ್ತದೆ. ಕತ್ತಾಳೆ ಎಲೆಯೆಂದರೆ ಅಂಥ ಕಣ್ಣಿಗೆ ಕಾಣದ ಸಾವಿರಾರು ನೀರಿನ ಚೀಲಗಳು. ಚಳಿಗೆ ಅವು ಹಾಳಾದರೆ, ಹಿಮ ಕರಗಿದ ಮೇಲೆ ಎಲೆ ಕೊಳೆತು ನೀರಾಗುತ್ತದೆ. ಆದರೆ ಜೋನಿಬೆಲ್ಲ ಇಟ್ಟರೆ ನೀರಿನಷ್ಟು ಬೇಗ ಗಡ್ಡೆಯಾಗುವುದಿಲ್ಲ. ಚಳಿ ತಡೆಯುವ ಕತ್ತಾಳೆ ಜಾತಿಗಳು ಮಾಡುವುದು ಇದನ್ನೇ. ರಾತ್ರಿಗಳು ತಣ್ಣಗಾಗುತ್ತಾ ಬಂದ ಹಾಗೆ ಎಲೆಯ ನೀರು ಕಡಿಮೆ ಮಾಡಿಕೊಂಡು, ಸಕ್ಕರೆ ಹೆಚ್ಚಿಸಿಕೊಂಡು, ರಸವನ್ನು ಗಟ್ಟಿ ಮಾಡಿಕೊಳ್ಳುತ್ತವೆ. ಹೀಗೆ ಸಜ್ಜಾಗಲು ಅವಕ್ಕೆ ಕೆಲವು ವಾರ ಬೇಕು. ಸಜ್ಜಾಗುವ ಹೊತ್ತಿನಲ್ಲಿ ನೀವು ನೀರು ಹಾಯಿಸಿದರೆ, ಗೊಬ್ಬರ ಹಾಕಿ ಎಳೆ ಎಲೆ ಬರಿಸಿದರೆ, ಅದರ ಸಿದ್ಧತೆ ಕೆಟ್ಟಿತು.

ಇನ್ನೊಂದು ಮಾತು ಬೇರಿನದು. ಚಳಿಗಾಲದಲ್ಲಿ ಗಿಡ ಮಲಗಿರುತ್ತದೆ, ನೀರು ಕುಡಿಯುವುದಿಲ್ಲ. ಕುಡಿಯದ ನೀರು ಬೇರಿನ ಸುತ್ತ ನಿಂತರೆ ಗಾಳಿಯಾಡದೆ ಬೇರು ಕೊಳೆಯುತ್ತದೆ. ಬೇರಿನಿಂದ ಕೊಳೆ ಬುಡಕ್ಕೆ, ಬುಡದಿಂದ ಸುಳಿಗೆ. ಮೇಲಿನ ಚಳಿ ತಡೆಯುವ ಗಿಡವೂ ಕೆಳಗಿನ ತೇವ ತಡೆಯಲಾರದು. ಇಂಗ್ಲೆಂಡಿನಲ್ಲಿ ಡೆನ್ವರ್‌ನಷ್ಟು ಚಳಿ ಇಲ್ಲ. ಆದರೆ ಚಳಿಗಾಲವಿಡೀ ಜಿನುಗು ಮಳೆ, ಮೋಡ. ಡೆನ್ವರ್‌ನಲ್ಲಿ ಬದುಕುವ ಗಿಡ ಅಲ್ಲಿ ಅದಕ್ಕಿಂತ ಕಡಿಮೆ ಚಳಿಗೇ ಕೊಳೆತು ಹೋಗುವುದುಂಟು. ಆ ಹಿರಿಯರು ಒಂದು ಮಾತು ಹೇಳಿದರು: "ಎಷ್ಟು ಚಳಿ ಅಂತ ಆಮೇಲೆ ಕೇಳು. ನೀರು ಎಲ್ಲಿ ನಿಲ್ಲುತ್ತೆ ಅಂತ ಮೊದಲು ನೋಡು."

ನಮ್ಮ ಹುಡುಗ ಮೊದಲ ಸಲ ಏನು ಮಾಡಿದ್ದ ಗೊತ್ತೆ? ಹುಲ್ಲುಹಾಸಿನ ಮೂಲೆಯಲ್ಲಿ, ಮನೆ ಸೂರಿನ ನೀರು ಬೀಳುವ ಕೊಳವೆ ಪಕ್ಕದಲ್ಲಿ ಗುಂಡಿ ತೋಡಿ, ಗೊಬ್ಬರ ತುಂಬಿ ನೆಟ್ಟಿದ್ದ. ಹುಲ್ಲಿಗೆ ಹಾರುವ ತುಂತುರು ನೀರು ಅದಕ್ಕೂ ಬೀಳುತ್ತಿತ್ತು. ಚಳಿ ಬಂದಾಗ ಪಾಪ ಎಂದು ಪ್ಲಾಸ್ಟಿಕ್ ಹಾಳೆ ಸುತ್ತಿ ಕಟ್ಟಿದ್ದ. ಒಳಗೆ ಬೆವರಿಳಿದು ಸುಳಿಯೆಲ್ಲ ಒದ್ದೆ. ಸಾಲದ್ದಕ್ಕೆ ಜಾತಿಯೂ ಆ ಊರಿಗೆ ಸಲ್ಲುವುದಲ್ಲ. ಪ್ರೀತಿಯಿಂದಲೇ ಕೊಂದಿದ್ದ.

ಬೆಳೆಸುವ ಕ್ರಮ

ಈಗ ಆ ಊರಿನವರು ಚಳಿಗಾಲವಿಡೀ ಹೊರಗೇ ಕತ್ತಾಳೆ ಉಳಿಸಿಕೊಳ್ಳುವ ಕ್ರಮವನ್ನು ಒಂದೊಂದಾಗಿ ಹೇಳುತ್ತೇನೆ. ನಮ್ಮಲ್ಲೂ ಮಕ್ಕಳು ಹೊರದೇಶದಲ್ಲಿರುವವರು ಇದ್ದೀರಿ. ಅವರಿಗೆ ಹೇಳಿ.

ಮೊದಲನೆಯದು ಜಾತಿಯ ಆಯ್ಕೆ. ನಾರಿನ ಕತ್ತಾಳೆಯಾದ ಸಿಸಲಾನಕ್ಕೆ ಸೊನ್ನೆಗಿಂತ ಸ್ವಲ್ಪ ಕೆಳಗೆ ಇಳಿದರೇ ಆಗುವುದಿಲ್ಲ. ದೊಡ್ಡ ಕತ್ತಾಳೆ ಅಮೆರಿಕಾನ ಸೊನ್ನೆಗಿಂತ ಆರೇಳು ಡಿಗ್ರಿ ಕೆಳಗಿನವರೆಗೆ ತಡೆದೀತು. ಹತ್ತು ದಾಟಿದರೆ ಉಳಿಯುವುದು ಕಷ್ಟ. ಆದರೆ ಅರಿಜೋನಾ, ನ್ಯೂ ಮೆಕ್ಸಿಕೋ ಬೆಟ್ಟಗಳಲ್ಲಿ ಬೆಳೆಯುವ ಅಗೇವ್ ಪ್ಯಾರಿಯೈ, ಯೂಟಾ ಮತ್ತು ಗ್ರ್ಯಾಂಡ್ ಕ್ಯಾನಿಯನ್ ಕಡೆಯ ಬಂಡೆಗಳಲ್ಲಿ ಬೆಳೆಯುವ ಅಗೇವ್ ಯುಟಾಹೆನ್ಸಿಸ್, ಪಶ್ಚಿಮ ಟೆಕ್ಸಾಸ್‌ನ ಅಗೇವ್ ಹಾವರ್ಡಿಯಾನ, ಇವು ತವರಿನಲ್ಲೇ ಹಿಮ ಕಂಡವು. ಒಣ ನೆಲದಲ್ಲಿದ್ದರೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತವೆ. ಹಳ್ಳಿಕಾರ್ ಕಟ್ಟುವ ಕಡೆ ಹಳ್ಳಿಕಾರ್ ಕಟ್ಟಬೇಕು. ಹೊರಗಿನ ಹಸು ತಂದರೆ ಅದಕ್ಕೆ ಫ್ಯಾನು ಹಾಕಬೇಕಾಗುತ್ತದೆ. ಇದೂ ಹಾಗೆಯೇ.

ಎರಡನೆಯದು ಜಾಗ. ಇಳಿಜಾರಿರಬೇಕು. ಇಲ್ಲದಿದ್ದರೆ ಒಂದೂವರೆ ಎರಡು ಅಡಿ ದಿಬ್ಬ ಮಾಡಬೇಕು. ಚಳಿಗಾಲದಲ್ಲಿ ಅಲ್ಲಿ ಸೂರ್ಯ ದಕ್ಷಿಣಕ್ಕೆ ತಗ್ಗಿ ನಡೆಯುತ್ತಾನೆ. ಹಾಗಾಗಿ ದಕ್ಷಿಣಕ್ಕೆ ಮುಖವಾದ ಗೋಡೆಯ ಮುಂದೆ ಅಥವಾ ದೊಡ್ಡ ಕಲ್ಲಿನ ಮಗ್ಗುಲಲ್ಲಿ ನೆಟ್ಟರೆ, ಕಲ್ಲು ಹಗಲು ಕಾದು ರಾತ್ರಿ ಸ್ವಲ್ಪ ಸ್ವಲ್ಪ ಕಾವು ಬಿಡುತ್ತದೆ. ಸೂರಿನ ನೀರು ಬೀಳುವ ಜಾಗ ಬೇಡವೇ ಬೇಡ.

ಮೂರನೆಯದು ಮಣ್ಣು. ಎರೆಮಣ್ಣು, ಜೇಡಿ ಮಣ್ಣು ಆಗದು. ಅರ್ಧಕ್ಕಿಂತ ಹೆಚ್ಚು ಗರಸು, ಜಲ್ಲಿ, ದಪ್ಪ ಮರಳು ಇರಬೇಕು. ಒಂದು ಬಿಂದಿಗೆ ನೀರು ಸುರಿದರೆ ನೋಡನೋಡುತ್ತ ಇಳಿದುಹೋಗಬೇಕು. ತಿಪ್ಪೆ ಗೊಬ್ಬರ ಹಾಕಬಾರದು. ಬುಡದ ಸುತ್ತ ಎರಡು ಮೂರು ಅಂಗುಲ ಸಣ್ಣ ಜಲ್ಲಿ ಹರಡಬೇಕು. ಹುಲ್ಲು, ತರಗು ಮುಚ್ಚಿದರೆ ತೇವ ಹಿಡಿದು ಬುಡ ಕೊಳೆಯುತ್ತದೆ.

ನಾಲ್ಕನೆಯದು ಕಾಲ. ಹಿಮದ ಭಯ ಕಳೆದ ಮೇಲೆ, ಅಂದರೆ ಅಲ್ಲಿ ಮೇ ತಿಂಗಳ ನಡುವಿನ ನಂತರ ನೆಡಬೇಕು. ಬೇಸಿಗೆಯಿಡೀ ಬೇರು ಬಿಡಲು ಸಮಯ ಸಿಗುತ್ತದೆ. ಸೆಪ್ಟೆಂಬರ್ ಬಂದ ಮೇಲೆ ನೀರು ಕಡಿಮೆ ಮಾಡುತ್ತಾ ಬಂದು ಅಕ್ಟೋಬರಿನಲ್ಲಿ ನಿಲ್ಲಿಸಿಬಿಡಬೇಕು. ಅಂಗೈ ಅಗಲದ ಮರಿಗಳಿಗೆ ಶಕ್ತಿ ಸಾಲದು. ಅವನ್ನು ಎರಡು ಮೂರು ವರ್ಷ ಕುಂಡದಲ್ಲಿ ಬೆಳೆಸಿ, ಚಳಿಗಾಲದಲ್ಲಿ ಒಳಗಿಟ್ಟು, ದಪ್ಪ ಆದ ಮೇಲೆ ಹೊರಗೆ ನೆಡಬೇಕು. ನೆಡುವಾಗ ಗಿಡವನ್ನು ಸ್ವಲ್ಪ ಓರೆ ಮಾಡಿದರೆ ಸುಳಿಯಲ್ಲಿ ನೀರು ನಿಲ್ಲದೆ ಜಾರಿಹೋಗುತ್ತದೆ.

ಐದನೆಯದು ಹೊದಿಕೆ. ಒಣ ಹಿಮಕ್ಕೆ ಹೆದರಬೇಕಾಗಿಲ್ಲ. ಅದೇ ಕಂಬಳಿ. ಅದರಡಿ ಹೊರಗಿನಷ್ಟು ಚಳಿ ಇರುವುದಿಲ್ಲ. ಕೇಡಿರುವುದು ಹಗಲು ಕರಗಿ, ಸುಳಿಗೆ ಇಳಿದು, ರಾತ್ರಿ ಮತ್ತೆ ಗಡ್ಡೆಯಾಗುವ ನೀರಿನಲ್ಲಿ. ತೇವದ ಊರಾದರೆ ಮೇಲೆ ಮಾತ್ರ ಒಂದು ತಗಡೋ ಗಾಜೋ ಮಾಡಿ, ನಾಲ್ಕು ಕಡೆ ಗಾಳಿಗೆ ಬಿಡಬೇಕು. ವಿಪರೀತ ಚಳಿಯ ರಾತ್ರಿ ತೆಳು ಬಟ್ಟೆ ಹೊದಿಸಿ ಬೆಳಿಗ್ಗೆ ತೆಗೆಯಬೇಕು. ಪ್ಲಾಸ್ಟಿಕ್ ಸುತ್ತಬಾರದು.

ಆರನೆಯದು ತಾಳ್ಮೆ. ಚಳಿಗೆ ಸುಟ್ಟ ಎಲೆ ಕಂಡ ತಕ್ಷಣ ಕುಡುಗೋಲು ತೆಗೆಯಬಾರದು. ಬೇಸಿಗೆ ಬರುವ ತನಕ ಕಾದು ಸುಳಿ ಹಿಡಿದು ನೋಡಬೇಕು. ಗಟ್ಟಿಯಾಗಿದ್ದರೆ ಜೀವ ಇದೆ. ಎಳೆದರೆ ಕೈಗೆ ಬಂದರೆ ಮುಗಿಯಿತು. ಆಗಲೂ ಸುತ್ತ ಮರಿ ಇದೆಯೇ ನೋಡಬೇಕು.

ಒಂದು ಎಚ್ಚರಿಕೆ: ಮಕ್ಕಳನ್ನು ನೋಡಲು ಹೋಗುವಾಗ ನಮ್ಮ ಬದುವಿನ ಕತ್ತಾಳೆ ಮರಿ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಬೇಡಿ. ಗಿಡಕ್ಕೆ ರೋಗವಿಲ್ಲವೆಂಬ ಸರ್ಕಾರಿ ಪ್ರಮಾಣಪತ್ರವಿಲ್ಲದೆ ಬಿಡುವುದಿಲ್ಲ. ಮಣ್ಣಂತೂ ಕೂಡದು. ಅಲ್ಲಿಗೆ ಸಲ್ಲುವ ಜಾತಿ ಅಲ್ಲೇ ಸಿಗುತ್ತದೆ. ಡೆನ್ವರ್ ಊರಿನ ದೊಡ್ಡ ಸಸ್ಯೋದ್ಯಾನಕ್ಕೆ ಹುಡುಗ ನನ್ನನ್ನು ಕರೆದುಕೊಂಡು ಹೋಗಿದ್ದ. ಅಲ್ಲಿಯೂ ಕಲ್ಲುಗುಡ್ಡೆಗಳ ಮೇಲೆ ಕತ್ತಾಳೆ, ಪಾಪಾಸುಕಳ್ಳಿಗಳನ್ನು ಬಯಲಿನಲ್ಲೇ ಬೆಳೆಸಿದ್ದಾರೆ.

ಐದು ಗಿಡಗಳ ಕಥೆ

ಈ ಪಾಠವೆಲ್ಲ ಕಲಿತು ನಮ್ಮ ಹುಡುಗ 2020ರ ಬೇಸಿಗೆಯಲ್ಲಿ ಜಲ್ಲಿ ದಿಬ್ಬ ಮಾಡಿ ಐದು ಗಿಡ ನೆಟ್ಟ. ನಾಲ್ಕು ಪ್ಯಾರಿಯೈ, ಒಂದು ಯುಟಾಹೆನ್ಸಿಸ್. ದಿಬ್ಬದ ಮೇಲೆ ನಾಲ್ಕಕ್ಕೆ ಜಾಗವಾಯಿತು. ಉಳಿದ ಒಂದು ಪ್ಯಾರಿಯೈ ಗಿಡವನ್ನು ದಿಬ್ಬದ ಕೆಳಗೆ, ನೀರು ಇಳಿದು ಬರುವ ಕಡೆ ನೆಟ್ಟ. ಎರಡು ಚಳಿಗಾಲ ಎಲ್ಲವೂ ಚೆನ್ನಾಗಿದ್ದವು.

2022ರ ಡಿಸೆಂಬರ್ ಬಂತು. 21ನೇ ತಾರೀಕು ಸಂಜೆ ಒಂದೇ ಘಂಟೆಯೊಳಗೆ ಸುಮಾರು 20 ಡಿಗ್ರಿ ಕುಸಿಯಿತು. 22ನೇ ತಾರೀಕು ಬೆಳಿಗ್ಗೆ ಸೊನ್ನೆಗಿಂತ 31 ಡಿಗ್ರಿ ಕೆಳಗೆ! ಡೆನ್ವರ್‌ನಲ್ಲಿ 1990ರಿಂದೀಚೆಗೆ ಅಂಥ ಚಳಿ ಬಂದಿರಲಿಲ್ಲ. ಹುಡುಗ ಆ ದಿನ ನನಗೆ ಫೋನು ಮಾಡಿ, "ಮಾಮ, ಈ ಸಲ ಎಲ್ಲಾ ಹೋಯ್ತು ಅಂತ ಕಾಣುತ್ತೆ" ಅಂದಿದ್ದ. ಹೆಂಡತಿ ತುಂಬು ಗರ್ಭಿಣಿ, ಹೊರಗೆ ಆ ಚಳಿ, ಅಮ್ಮ ಇನ್ನೂ ಬಂದಿಲ್ಲ. ಅವನ ಧ್ವನಿಯಲ್ಲಿ ಗಿಡದ ಚಿಂತೆ ಒಂದೇ ಇರಲಿಲ್ಲ.

ನಾವು ಹೋದಾಗ ಗಿಡಗಳು ಹಿಮದಡಿ ಇದ್ದವು. ಮಾರ್ಚಿಯಲ್ಲಿ ಒಂದು ದಿನ, ಮಗುವನ್ನು ಅಕ್ಕನ ಮಡಿಲಿಗೆ ಕೊಟ್ಟು, ನಾನೂ ಅವನೂ ಹೊರಗೆ ಹೋಗಿ ಒಂದೊಂದೇ ಸುಳಿ ಹಿಡಿದು ನೋಡಿದೆವು. ಯುಟಾಹೆನ್ಸಿಸ್‌ಗೆ ಏನೂ ಆಗಿರಲಿಲ್ಲ. ದಿಬ್ಬದ ಮೇಲಿನ ಮೂರು ಪ್ಯಾರಿಯೈ ಗಿಡಗಳ ಹೊರ ಎಲೆ ತುದಿ ಸುಟ್ಟಿತ್ತು, ಸುಳಿ ಕಲ್ಲಿನ ಹಾಗೆ ಗಟ್ಟಿ. ದಿಬ್ಬದ ಕೆಳಗಿನದರ ಸುಳಿ ಹಿಡಿದೆ. ಬೆಣ್ಣೆಯಿಂದ ಕಡ್ಡಿ ಎಳೆದ ಹಾಗೆ ಕೈಗೆ ಬಂತು. ಕೊಳೆತ ವಾಸನೆ ಮೂಗಿಗೆ ಹೊಡೆಯಿತು.

ಒಂದೇ ಅಂಗಡಿ, ಒಂದೇ ದಿನ ತಂದ ಗಿಡ, ಒಂದೇ ಜಾತಿ, ಒಂದೇ ಚಳಿ. ನಡುವೆ ಇದ್ದದ್ದು ನಾಲ್ಕು ಹೆಜ್ಜೆ ಮತ್ತು ಎರಡು ಅಡಿ ಎತ್ತರ. ಮೇಲಿನದು ಬದುಕಿತು, ಕೆಳಗಿನದು ಸತ್ತಿತು. ನಾನು ಕೊಳೆತ ಸುಳಿಯನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. "ಯಾಕೆ ಮಾಮ?" ಅಂದ. ಅದೇ ವಾಸನೆಯನ್ನು ನಾನು ಇದಕ್ಕೆ ಮೊದಲೇ ನಮ್ಮ ಸಂಘದ ಮೇವಿನ ತಾಕಿನಲ್ಲಿ ಕುಡಿದಿದ್ದೆ.

ಸಂಘದ ಮೇವಿನ ತಾಕು

ಈಗ ನನ್ನ ತಪ್ಪಿಗೆ ಬರುತ್ತೇನೆ. 2021ರಲ್ಲಿ ಸಂಘದ ಮೇವಿನ ತಾಕಿಗೆ ಬೇಲಿ ಬೇಕೆಂದಾಗ, ತಂತಿಗೆ ಖರ್ಚು ಜಾಸ್ತಿ, ಕತ್ತಾಳೆ ಹಾಕೋಣ ಎಂದು ಆಡಳಿತ ಮಂಡಳಿಯಲ್ಲಿ ಹೇಳಿದವನು ನಾನೇ. ಸದಸ್ಯರು ತಮ್ಮ ಬದುಗಳಿಂದ ನಾನೂರು ಮರಿ ಬಿಟ್ಟಿ ಕಿತ್ತು ಕೊಟ್ಟರು. ಅದರಲ್ಲಿ ಅರ್ಧಕ್ಕರ್ಧ ಕೊಟ್ಟವರು ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು. ಮೊದಲ ಸಾಲಿನಲ್ಲೇ ಕೂತಿದ್ದಾರೆ, ಹೆಸರು ಹೇಳಿದರೆ ಬೈಯುತ್ತಾರೆ. ಹಳ್ಳದ ಕಡೆಯ ತಗ್ಗಿನಲ್ಲಿ ಗುಂಡಿ ತೆಗೆಸುವಾಗ ಅವರು, "ತಗ್ಗಿನಾಗೆ ಬ್ಯಾಡ ಕಣಪ್ಪ, ಏರಿ ಹಾಕ್ಸಿ ಮ್ಯಾಲೆ ನೆಡ್ಸು" ಅಂದರು. ಏರಿ ಹಾಕಿಸಲು ಟ್ರ್ಯಾಕ್ಟರ್ ಬಾಡಿಗೆ ಯಾರು ಕೊಡುತ್ತಾರೆ? "ಕತ್ತಾಳೆಗೆ ಎಲ್ಲಾದರೇನು ಬಿಡಿ" ಅಂದೆ. ಗುಂಡಿಗೆ ಒಂದೊಂದು ಮಂಕರಿ ಗೊಬ್ಬರವನ್ನೂ ಹಾಕಿಸಿದೆ, ಚೆನ್ನಾಗಿ ಬರಲಿ ಎಂದು.

ಆ ವರ್ಷ ನವೆಂಬರ್‌ನಲ್ಲಿ ಸುರಿದ ಅಕಾಲದ ಮಳೆ ನಿಮಗೆ ನೆನಪಿದೆ. ಕೊಯ್ಲಿಗೆ ಬಂದ ರಾಗಿ ತೆನೆಯಲ್ಲೇ ಮೊಳಕೆ ಒಡೆಯಿತು. ಮೇವಿನ ತಾಕಿನ ತಗ್ಗಿನಲ್ಲಿ ವಾರಗಟ್ಟಲೆ ನೀರು ನಿಂತಿತು. ಸಂಕ್ರಾಂತಿ ಹೊತ್ತಿಗೆ ನಾನೂರರಲ್ಲಿ ಉಳಿದದ್ದು ಅರವತ್ತು. ಆ ಅರವತ್ತೂ ಮೇಲಿನ ಬದುವಿನಲ್ಲಿದ್ದವು. ಅದನ್ನೂ ನಾನು ನೋಡಲಿಲ್ಲ.

ಸರ್ವ ಸದಸ್ಯರ ಸಭೆಯಲ್ಲಿ ಪ್ರಶ್ನೆ ಬಂತು. ಕೂಲಿ ದುಡ್ಡು ಹೋಯಿತಲ್ಲ, ಯಾಕೆ ಹೀಗಾಯಿತು ಎಂದು ಕೇಳಿದರು. ನಾನು ಎದ್ದು ನಿಂತು, "ಕೊಟ್ಟ ಮರಿ ಸರಿಯಿರಲಿಲ್ಲ, ಚಳಿಗೆ ಬೇರೆ ತಡೆಯಲಿಲ್ಲ" ಅಂದೆ. ನಡಾವಳಿ ಪುಸ್ತಕದಲ್ಲಿ ಹಾಗೇ ಬರೆದಿದೆ. ಮರಿ ಕೊಟ್ಟ ಆ ಹಿರಿಯರು ಒಂದು ಮಾತೂ ಆಡದೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ನನ್ನ ಮಾತು ನಿಂತಿತು ಎಂದು ನಾನು ಖುಷಿಪಟ್ಟೆ.

ಬಂಧುಗಳೇ, ಸೊನ್ನೆಗಿಂತ 31 ಡಿಗ್ರಿ ಕೆಳಗಿನ ಚಳಿಗೆ ಬದುಕಿದ ಕತ್ತಾಳೆಯನ್ನು ಕಣ್ಣಾರೆ ಕಂಡ ಮೇಲೆ, ಹದಿನೈದು ಡಿಗ್ರಿಯ ನಮ್ಮ ಚಳಿಯ ಮೇಲೆ ತಪ್ಪು ಹೊರಿಸಲು ನನಗೆ ನಾಲಿಗೆ ಬರುವುದಿಲ್ಲ. ಮರಿ ಚೆನ್ನಾಗಿದ್ದವು. ಚಳಿ ಏನೂ ಮಾಡಲಿಲ್ಲ. ತಗ್ಗು ಆರಿಸಿದವನು ನಾನು. ಬುದ್ಧಿ ಹೇಳಿದರೂ ಕೇಳದವನು ನಾನು.

ಊರಿಗೆ ಬಂದ ಮಾರನೇ ದಿನ ಅವರ ಮನೆಗೆ ಹೋದೆ. ಹಿಮದ ಕಥೆಯೆಲ್ಲ ಹೇಳಿ, "ತಪ್ಪಾಯ್ತು ದೊಡ್ಡಪ್ಪ" ಅಂದೆ. ಅವರು ಎಲೆಯಡಿಕೆ ತಟ್ಟೆ ಮುಂದಿಟ್ಟು, "ಅದನ್ನ ತಿಳಕಳಕ್ಕೆ ಅಷ್ಟು ದೂರ ಹೋಗಬೇಕಿತ್ತೇನಪ್ಪ? ಹಿತ್ತಲಾಗೆ ಬಂದಿದ್ರೆ ನಾನೇ ತೋರಿಸ್ತಿದ್ನಲ್ಲ" ಅಂದರು. ಆಮೇಲೆ ಮತ್ತೆ ಇನ್ನೂರೈವತ್ತು ಮರಿ ಕೊಟ್ಟರು. 2023ರ ಜೂನ್‌ನಲ್ಲಿ ನನ್ನ ಸ್ವಂತ ಖರ್ಚಿನಲ್ಲಿ ಎರಡಡಿ ಏರಿ ಹಾಕಿಸಿ, ಮರಿಗಳನ್ನು ಒಂದು ವಾರ ನೆರಳಿನಲ್ಲಿಟ್ಟು ಕಿತ್ತ ಗಾಯ ಒಣಗಿಸಿ, ಗೊಬ್ಬರ ಹಾಕದೆ ಗರಸಿನಲ್ಲಿ ನೆಡಿಸಿದೆ. ಹತ್ತರಲ್ಲಿ ಒಂಬತ್ತು ಉಳಿದಿವೆ. ಸಭೆ ಮುಗಿದ ಮೇಲೆ ಯಾರು ಬೇಕಾದರೂ ಹೋಗಿ ನೋಡಬಹುದು.

ಆದರೆ ಮನೆಯೊಳಗೆ ಕೇಳಿದ ಕ್ಷಮೆ ಸಾಲದು. ಸಭೆಯಲ್ಲಿ ಆಡಿದ ಮಾತನ್ನು ಸಭೆಯಲ್ಲೇ ವಾಪಸು ತೆಗೆದುಕೊಳ್ಳಬೇಕು. ಆದ್ದರಿಂದ ಈ ಬೆಳ್ಳಿ ಹಬ್ಬದ ವೇದಿಕೆಯಿಂದ ಆ ಹಿರಿಯರಲ್ಲಿಯೂ, ಮರಿ ಕೊಟ್ಟ ಎಲ್ಲ ಸದಸ್ಯರಲ್ಲಿಯೂ ಕ್ಷಮೆ ಕೋರುತ್ತೇನೆ. ಮುಂದಿನ ನಡಾವಳಿಯಲ್ಲಿ ಇದನ್ನು ಬರೆದುಕೊಳ್ಳಬೇಕೆಂದು ಕಾರ್ಯದರ್ಶಿಗಳನ್ನು ಕೇಳಿಕೊಳ್ಳುತ್ತೇನೆ.

ಕೊನೆಯದಾಗಿ ಒಂದು ಮಾತು. ಕತ್ತಾಳೆ ಹತ್ತಿಪ್ಪತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಸುಮ್ಮನೆ ಕೂಡಿಡುತ್ತದೆ. ಒಂದೇ ಸಲ ಇಪ್ಪತ್ತು ಅಡಿ ಎತ್ತರದ ಕಂಬ ಎತ್ತಿ ಹೂಬಿಟ್ಟು, ಇದ್ದದ್ದನ್ನೆಲ್ಲ ಕೊಟ್ಟು ಒಣಗುತ್ತದೆ. ಅಷ್ಟರಲ್ಲಿ ಬುಡದ ಸುತ್ತ ಮರಿಗಳು ನಿಂತಿರುತ್ತವೆ. ಇಪ್ಪತ್ತೈದು ವರ್ಷದ ಹಿಂದೆ ಷೇರು ಹಣಕ್ಕಾಗಿ ಮನೆಮನೆ ತಿರುಗಿ ಈ ಸಂಘ ಕಟ್ಟಿದ ಹಿರಿಯರಲ್ಲಿ ಕೆಲವರು ಇಂದು ನಮ್ಮೊಂದಿಗಿಲ್ಲ. ನಾವೆಲ್ಲ ಅವರು ಬಿಟ್ಟುಹೋದ ಮರಿಗಳು. ಬರ ಬಂದರೂ, ಹಾಲಿನ ದರ ಇಳಿದರೂ ಸಂಘ ತಡೆದುಕೊಂಡಿದೆ, ಮುಂದೆಯೂ ತಡೆದುಕೊಳ್ಳುತ್ತದೆ. ಬುಡದಲ್ಲಿ ನೀರು ನಿಲ್ಲದ ಹಾಗೆ ಮಾತ್ರ ನೋಡಿಕೊಳ್ಳೋಣ. ತಪ್ಪು ಮುಚ್ಚಿಟ್ಟರೆ ಅದೇ ನಿಂತ ನೀರು. ಈ ದಿನ ನನ್ನ ಪಾಲಿನದನ್ನು ಹರಿಯಬಿಟ್ಟಿದ್ದೇನೆ.



ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.